ಮಾಂಸದಂಗಡಿಯವನ ಸೋಯಾ ಪಥ್ಯ

ಸೋಮವಾರ, ಮಾರ್ಚ್ ೯
(ಅಂಗಡಿಗೆ ರಜೆ, ನಾಲಿಗೆಗೆ ಇಲ್ಲ)

ಪ್ರೀತಿಯ ಅಕ್ಕ,

ಮೊದಲು ತಪ್ಪೊಪ್ಪಿಗೆ, ಆಮೇಲೆ ನಮಸ್ಕಾರ. ಅಜ್ಜನ ಕಾಲದಿಂದ ಮಾಂಸ ಮಾರಿ ಬದುಕಿದ ಮನೆತನದ ಕುಡಿಯಾದ ನಾನು, ಬುದ್ಧಿ ಸ್ಥಿಮಿತದಲ್ಲಿರುವಾಗಲೇ, ತಲೆಗೆ ಟವೆಲ್ ಸುತ್ತಿಕೊಂಡು, ನಮ್ಮವರು ಯಾರೂ ಓಡಾಡದ ಬೀದಿಯ ದಿನಸಿ ಅಂಗಡಿಗೆ ಹೋಗಿ, ದೊಡ್ಡದೊಂದು ಪೊಟ್ಟಣ ಸೋಯಾ ತುಂಡು ಕೊಂಡಿದ್ದೇನೆ. ಅದನ್ನು ಅಂಗಿಯೊಳಗೆ ಬಚ್ಚಿಟ್ಟು ಮನೆಗೆ ಸಾಗಿಸಿದ್ದೇನೆ. ಹೊಟ್ಟೆ ಮೊದಲೇ ಅಷ್ಟಿದ್ದುದರಿಂದ ದಾರಿಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಶಿಕ್ಷೆ ಏನು ಕೊಟ್ಟರೂ ಸರಿ; ಆ ತುಂಡುಗಳನ್ನು ತಿಂದವನಿಗೆ ಇನ್ನು ಯಾವ ಶಿಕ್ಷೆಯೂ ಹೊಸದಲ್ಲ.

ಈಗ ನಮಸ್ಕಾರ. ಪತ್ರ ತಡವಾಯಿತು, ಬೈಯಬೇಡ. ಡಯಾಲಿಸಿಸ್ ಕುರ್ಚಿಯಲ್ಲಿ ಕೂತರೆ ಹೊತ್ತೇ ಹೋಗುವುದಿಲ್ಲ, ಫೋನಿನಲ್ಲಿ ಹರಟಿದರೆ ನರ್ಸಮ್ಮ ಗದರುತ್ತಾಳೆ, ಕೈಯಲ್ಲಿ ಹಿಡಿದು ಓದುವಂಥದ್ದು ಏನಾದರೂ ಬರಿ ಅಂತ ನೀನೇ ಅಂದಿದ್ದೆ. ಬಿ.ಎ. ಮಾಡಿ ಮಾಂಸ ಕಡಿಯುವ ತಮ್ಮನಿಂದ ಓದಿಗೆ ಆಗಿರುವ ಉಪಯೋಗ ಇದೊಂದೇ.

ಮೊನ್ನೆ ಭಾವ ಫೋನ್ ಮಾಡಿದ್ದಾಗ ನಿನಗೆ ಒಂದು ಅಳತೆ ದೊಡ್ಡ ಚಪ್ಪಲಿ ತಂದೆ ಅಂದರು. ಕಾಲು ಊದುತ್ತದಂತೆ. ಸೂಜಿಗೆ ದಾರ ಪೋಣಿಸಲಿಕ್ಕೂ ಬೆರಳು ಬಗ್ಗುವುದಿಲ್ಲ, ಹೊಲಿಗೆ ಮಷೀನಿಗೆ ಮುಸುಕು ಹಾಕಿದ್ದಾಳೆ ಅಂದರು. ಆ ಮುಸುಕಿನ ಮಾತು ಕೇಳಿ ನನಗೆ ಒಂಥರಾ ಆಯಿತು. ಅಕ್ಕ, ಅದನ್ನು ತೆಗೆದು ಎಣ್ಣೆ ಬಿಡುವ ದಿನ ದೂರವಿಲ್ಲ. ನನ್ನ ರಕ್ತ ನಿನಗೆ ಹೊಂದಿತು, ಕಿಡ್ನಿ ಹೊಂದಿತು. ಹೊಂದದೆ ಇದ್ದದ್ದು ಆಸ್ಪತ್ರೆಯ ತಕ್ಕಡಿಗೆ ನಾನೊಬ್ಬನೇ. ಹನ್ನೆರಡು ಕಿಲೋ ಇಳಿಸದೆ ನನ್ನನ್ನು ಟೇಬಲ್ ಹತ್ತಿಸುವುದಿಲ್ಲ ಅಂದರು. ಊರಿಗೆಲ್ಲ ಸರಿಯಾಗಿ ತೂಗಿ ಕೊಟ್ಟವನನ್ನು ಕೊನೆಗೆ ತೂಕವೇ ಹಿಡಿದು ನಿಲ್ಲಿಸಿತು ನೋಡು.

ಅದಕ್ಕೇ ಸೋಯಾ. ಆಸ್ಪತ್ರೆಯ ಡಯಟ್ ಮೇಡಂ ನನ್ನನ್ನು ಎದುರಿಗೆ ಕೂರಿಸಿಕೊಂಡು, ಮಾಂಸ ಬಿಡಿ, ಅದರ ಜಾಗಕ್ಕೆ ಸೋಯಾ, ಕಾಳು, ಅಣಬೆ ತನ್ನಿ ಅಂದರು. ಬಿಟ್ಟೆ. ಒಂದು ತುಂಡು ಮಾಂಸ ಬಾಯಿಗಿಡಲಿಲ್ಲ, ನಿನ್ನಾಣೆ. ತಿಂಗಳಾದ ಮೇಲೆ ಹೋಗಿ ನಿಂತರೆ ತೂಕ ಒಂದು ಕಿಲೋ ಏರಿದೆ. ಮೇಡಂಗೆ ತಲೆಬುಡ ತಿಳಿಯಲಿಲ್ಲ. ಅಡಿಗೆಗೆ ಎಣ್ಣೆ ಎಷ್ಟು ಹಾಕ್ತೀರಿ ಅಂತ ಕೇಳಿದರು. ಎಣ್ಣೆ ಒಂದು ತೊಟ್ಟೂ ಇಲ್ಲ ಅಂತ ಎದೆಯುಬ್ಬಿಸಿ ಹೇಳಿದೆ. ಅವರ ಮುಖ ಅರಳಿತು. ಹಾಗಾದರೆ ಯಾವುದರಲ್ಲಿ ಹುರೀತೀರಿ ಅಂದರು.

ಅಕ್ಕ, ನೀನೂ ಅದೇ ಅಂಗಡಿಯಲ್ಲಿ ಬೆಳೆದವಳು, ನೀನೇ ನ್ಯಾಯ ಹೇಳು. ನಮ್ಮಲ್ಲಿ ಮಾಂಸ ಬೇರೆ, ಮೂಳೆ ಬೇರೆ, ಕೊಬ್ಬು ಬೇರೆ. ಗಿರಾಕಿಗಳೇ ‘ಕೊಬ್ಬು ತೆಗೆದು ಬರೀ ಮಾಂಸ ಕೊಡಿ’ ಅನ್ನುತ್ತಾರೆ. ಮೇಡಂ ಬಿಡಿ ಅಂದದ್ದು ಮಾಂಸ ತಾನೇ? ಕೆತ್ತಿ ತೆಗೆದ ಕುರಿ ಕೊಬ್ಬು ಅಂಗಡಿಯಲ್ಲಿ ರಾಶಿ ಬಿದ್ದಿರುತ್ತದೆ. ಅದನ್ನು ಕರಗಿಸಿ, ಸೋಯಾ ತುಂಡುಗಳನ್ನು ಕೆಂಪಗೆ ಹುರಿದು, ಮೂಳೆ ಬೇಯಿಸಿದ ನೀರಿನಲ್ಲಿ ಕುದಿಸಿ ತಿನ್ನುತ್ತಿದ್ದೆ. ಸೋಯಾ ಇಷ್ಟು ರುಚಿ ಇರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಎಂದೋ ಸಸ್ಯಾಹಾರಿಯಾಗುತ್ತಿದ್ದೆನಲ್ಲ ಅಂತ ಬೇಜಾರು ಬೇರೆ ಮಾಡಿಕೊಂಡಿದ್ದೆ.

ಮೇಡಂ ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದರು.

“ನಿಮ್ಮ ಕೊಬ್ಬು ಇಳಿಸ್ಕೊಂಡು ಬನ್ನಿ ಅಂದ್ರೆ, ಕುರಿದನ್ನೂ ಏರಿಸ್ಕೊಂಡು ಬಂದಿದೀರಲ್ರೀ.”

ಅಲ್ಲಿಂದ ನಿಜವಾದ ವನವಾಸ. ಕೊಬ್ಬಿಲ್ಲದ ಸೋಯಾ ಅಂದರೆ ಏನಂತ ಹೇಳಲಿ? ನೆನೆಸಿ ಹಿಂಡಿದರೆ ಸ್ನಾನದ ಸ್ಪಂಜು. ಅಗಿದರೆ ಅದು ನಮ್ಮನ್ನೇ ಅಗಿಯುತ್ತದೆ. ಅಣಬೆ ವಾಸಿ, ಬಾಯೊಳಗೆ ಸ್ವಲ್ಪ ಮಾಂಸದ ನಟನೆಯಾದರೂ ಮಾಡುತ್ತದೆ. ಕಾಳು ನಂಬಿಕಸ್ಥ, ಆದರೆ ವಾಚಾಳಿ. ತಿಂದ ಮೇಲೆ ಇಡೀ ಮಧ್ಯಾಹ್ನ ಹೊಟ್ಟೆಯೊಳಗೆ ಮಾತಾಡುತ್ತಲೇ ಇರುತ್ತದೆ. ಆದರೂ ಸುಳ್ಳು ಹೇಳಬಾರದು, ತೂಕ ಕರಗತೊಡಗಿತು. ಆಸ್ಪತ್ರೆಗೆ ಹೋಗುವವರೆಗೆ ಕಾಯಲು ತಾಳ್ಮೆ ಯಾರಿಗಿದೆ? ಇಡೀ ಕುರಿಯನ್ನು ತೂಗುವ ಕೊಕ್ಕೆ ತಕ್ಕಡಿಗೆ ನಾನೇ ಎರಡೂ ಕೈಯಲ್ಲಿ ಜೋತು ಬೀಳುತ್ತಿದ್ದೆ. ಮುಳ್ಳು ನೋಡುವ ಕೆಲಸ ನನ್ನವಳದು. ಒಂದು ದಿನ ನಾನು ಹಾಗೆ ನೇತಾಡುತ್ತಿರುವಾಗ ಅವಳು ಶುದ್ಧ ಗಿರಾಕಿಯ ಗತ್ತಿನಲ್ಲಿ, ತೊಡೆ ಕಡೆಯದು ಅರ್ಧ ಕಿಲೋ ಸಾಕು, ಉಳಿದದ್ದು ನೀವೇ ಇಟ್ಕೊಳ್ಳಿ ಅಂದಳು. ನಕ್ಕು ಕೈ ಜಾರಿ ಬಿದ್ದೆ.

ಗುಟ್ಟು ಎಷ್ಟು ದಿನ ಉಳಿದೀತು? ನಮ್ಮ ಖಾಯಂ ಗಿರಾಕಿ ಲೆಕ್ಕದ ಮೇಷ್ಟ್ರು ಒಂದು ಮಧ್ಯಾಹ್ನ ಬಂದಾಗ ನನ್ನ ಊಟದ ಡಬ್ಬಿ ತೆರೆದಿತ್ತು. ಒಳಗೆ ಇಣುಕಿದರು. ಯಾರೋ ಸತ್ತವರನ್ನು ನೋಡಿದ ಹಾಗೆ ಟೋಪಿ ತೆಗೆದರು. ಮಾರೋನೇ ತಿನ್ನಲ್ಲ ಅಂದ್ಮೇಲೆ ಮಾಲಿನಲ್ಲಿ ಏನೋ ಇರಬೇಕು ಅಂತ ಬೀದಿಯಲ್ಲೆಲ್ಲ ಸಿದ್ಧಾಂತ ಮಂಡಿಸಿದರು. ಒಂದು ವಾರ ಅಂಗಡಿಯಲ್ಲಿ ನೊಣಕ್ಕೂ ಬೇಸರ. ಕೊನೆಗೆ ನನ್ನವಳೇ ಮೇಷ್ಟ್ರ ಮನೆ ಬಾಗಿಲಿಗೆ ಹೋಗಿ, ಇದು ಇವರ ಅಕ್ಕನಿಗೋಸ್ಕರ ಅಂತ ವಿಷಯ ಹೇಳಿ ಬಂದಳು. ಮರುದಿನ ಅವರು ಬಂದು ಎಂದಿಗಿಂತ ಜಾಸ್ತಿಯೇ ಕೊಂಡರು. ಹೋಗುವಾಗ ನನ್ನ ಮುಖ ನೋಡದೆ, “ನೀನು ಆ ಹಾಳು ತುಂಡನ್ನೇ ತಿನ್ನಪ್ಪ, ನಿನ್ನ ಪಾಲಿಂದು ನಾವು ತಿಂತೀವಿ” ಅಂದರು.

ಸದ್ಯದ ವರದಿ: ಒಂಬತ್ತು ಕಿಲೋ ಇಳಿದಿದೆ, ಮೂರು ಬಾಕಿ. ಹಳೇ ಪ್ಯಾಂಟುಗಳು ನನ್ನನ್ನು ಮತ್ತೆ ಗುರುತು ಹಿಡಿಯುತ್ತಿವೆ. ಇನ್ನು ಆಪರೇಷನ್ ವಿಷಯಕ್ಕೆ ನೀನು ತಲೆ ಕೆಡಿಸಿಕೊಳ್ಳಬೇಡ. ಭಯ ಇದೆಯಾ ಅಂತ ಸರ್ಜನ್ ಕೇಳಿದರು. ಬೆಳಗಿಂದ ಸಂಜೆಯವರೆಗೆ ಚಾಕು ಹಿಡಿಯುವವನಿಗೆ ಚಾಕುವಿನ ಭಯವೇ, ನಿಮ್ಮ ಕೈ ನಡುಗಿದರೆ ಹೇಳಿ, ಅರ್ಧ ನಾನೇ ಕತ್ತರಿಸಿಕೊಡ್ತೀನಿ ಅಂದೆ. ಅವರ ಹಿಂದಿದ್ದ ಹುಡುಗಿಯರೆಲ್ಲ ನಕ್ಕರು. ಅಕ್ಕನಿಗೆ ತಕ್ಕ ತಮ್ಮ ಅಂತ ಅವರೂ ಅಂದುಕೊಂಡಿರಬೇಕು.

ಭಾವನಿಗೆ ನನ್ನ ನಮಸ್ಕಾರ ಹೇಳು. ಅವರು ಮಾಡುವ ಉಪ್ಪಿಲ್ಲದ ಅಡಿಗೆಯನ್ನು ಹೊಗಳಿ ತಿನ್ನು; ಮನುಷ್ಯ ಈ ವಯಸ್ಸಿನಲ್ಲಿ ಒಲೆ ಹಚ್ಚಲು ಕಲಿತಿದ್ದಾರೆ. ನೀನು ದೊಡ್ಡವಳು, ನಾನು ಆಶೀರ್ವಾದ ಮಾಡುವ ಹಾಗಿಲ್ಲ. ಆದರೂ ನಾನು ಈಗಲೂ ನಿನಗಿಂತ ಭಾರ ಜಾಸ್ತಿ ಇರುವುದರಿಂದ ಆ ಅಧಿಕಾರದಲ್ಲಿ ಹೇಳುತ್ತೇನೆ: ಚೆನ್ನಾಗಿರು, ಬಹಳ ಕಾಲ ಇರು.

ನಿನ್ನ,
ಗುಂಡ

ಮರೆತ ಮಾತು: ಮರೆತದ್ದಲ್ಲ, ಅಕ್ಕ. ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ.

ಮೂರು ಕಿಲೋ ಬಾಕಿ ಅಂತ ಬರೆದೆನಲ್ಲ, ಅದು ಇಳಿಯದೆ ಉಳಿದದ್ದಲ್ಲ, ಇಳಿದು ಮತ್ತೆ ಹತ್ತಿದ್ದು. ಜನವರಿ ಕೊನೆಗೇ ಹನ್ನೆರಡೂ ಇಳಿದಿತ್ತು. ಡಯಟ್ ಮೇಡಂ ನನ್ನ ಕೈ ಕುಲುಕಿ ಸರ್ಜನ್ ಹತ್ತಿರ ಕಳಿಸಿದರು. ಅವರು ಅಂಗಿ ಎತ್ತಿಸಿ, ಪಕ್ಕೆಯ ಕೆಳಗೆ ಬೆರಳಿನಿಂದ ಒಂದು ಗೆರೆ ಎಳೆದು, ಇಲ್ಲಿ ಅಂದರು. ಆ ಜಾಗ ನನಗೆ ಗೊತ್ತು. ಕುರಿಯಲ್ಲಿ ನಾನು ಚಾಕು ಹಾಕುವುದೂ ಸರಿಯಾಗಿ ಅಲ್ಲೇ. ಒಳಗೆ ಅದು ಹೇಗೆ ಕೊಬ್ಬಿನಲ್ಲಿ ಸುತ್ತಿಕೊಂಡು ಮಲಗಿರುತ್ತದೆ, ಎಳೆದರೆ ಯಾವ ನರ ಕೊನೆಗೆ ಬಿಡುತ್ತದೆ, ಎಲ್ಲ ಗೊತ್ತು. ಬೇರೆ ಯಾರಿಗಾದರೂ ಅದು ಬರೀ ಒಂದು ಗೆರೆ. ನನಗಲ್ಲ. ಮೇಲೆ ಬರೆದ ಜೋಕು ನಾನು ಅವತ್ತೇ ಹೊಡೆದದ್ದು, ಗೋಡೆ ಹಿಡಿದುಕೊಂಡು.

ಭಯ ಇದ್ದರೆ ಹೇಳಿ, ನಿಮ್ಮ ಅಕ್ಕನಿಗೆ ‘ಕೊನೇ ಪರೀಕ್ಷೆಯಲ್ಲಿ ಹೊಂದಲಿಲ್ಲ’ ಅಂತಷ್ಟೇ ಹೇಳ್ತೀವಿ, ಕಾರಣ ಯಾರಿಗೂ ತಿಳಿಯಲ್ಲ ಅಂತ ಅಲ್ಲಿಯ ಹಿರಿಯ ನರ್ಸ್ ಮೆಲ್ಲಗೆ ಅಂದರು. ಹಾಗೆ ಹೇಳಿಸುವ ಧೈರ್ಯವೂ ಬರಲಿಲ್ಲ. ಸೀದಾ ಅಂಗಡಿಗೆ ಬಂದು, ಒಳಗಿನ ಕೋಣೆಯಲ್ಲಿ ಸ್ಟೌ ಹಚ್ಚಿ, ಮಾಂಸ ಹುರಿದುಕೊಂಡು ತಿಂದೆ. ಆಮೇಲೆ ದಿನಾ ತಿಂದೆ. ಮನೆಯಲ್ಲಿ ನನ್ನವಳ ಮುಂದೆ ಸೋಯಾ, ಅಂಗಡಿಯಲ್ಲಿ ಒಬ್ಬನೇ ಇದು. ರುಚಿ ಕೂಡ ಸಿಗಲಿಲ್ಲ. ತೂಕ ಏರಲಿ, ಅವರೇ ಬೇಡ ಅನ್ನಲಿ ಅಂತ ಔಷಧಿ ನುಂಗಿದ ಹಾಗೆ ನುಂಗಿದೆ. ನೀನು ಅಲ್ಲಿ ಕುರ್ಚಿಯಲ್ಲಿ ಕೂತು ನನ್ನ ಮೂರು ಕಿಲೋಗಾಗಿ ಕಾಯುತ್ತಿದ್ದೆ.

ನಿನ್ನೆ ನನ್ನವಳಿಗೆ ಹೇಳಿದೆ. ಬೈಯಲಿಲ್ಲ. ಎದ್ದು ಹೋಗಿ ಕಾಳು ನೆನೆಹಾಕಿದಳು. ಇವತ್ತಿನಿಂದ ಮತ್ತೆ ಅದೇ ಪಥ್ಯ, ಅಂಗಡಿಯ ಸ್ಟೌ ಮನೆಗೆ ತಂದಿಟ್ಟಿದ್ದೇನೆ. ಭಯ ಮಾತ್ರ ಇಳಿದಿಲ್ಲ, ಅದಕ್ಕೆ ಬದಲಿ ಏನು ತಿನ್ನಬೇಕೋ ಯಾವ ಮೇಡಂಗೂ ಗೊತ್ತಿಲ್ಲ.

ಅಕ್ಕ, ಬಾಯಿಗೆ ಬಂದ ಹಾಗೆ ಬೈದು ಬರಿ. ‘ಹೋಗಲಿ ಬಿಡೋ, ಬೇಡ’ ಅಂತ ಮಾತ್ರ ಬರೆಯಬೇಡ. ನೀನು ಬರೆಯುವವಳೇ, ನನಗೆ ಗೊತ್ತು. ನೀನು ಹಾಗೆ ಬರೆದರೆ ನನಗೆ ಸಮಾಧಾನವಾಗಿಬಿಡುತ್ತದೆ.