ಟೋಸ್ಟ್ ಸುಟ್ಟಿದ್ದು ನಾನಲ್ಲ

ಮಾರ್ಚ್ 4, ಬೆಳಿಗ್ಗೆ

ಆಸ್ಪತ್ರೆಯಲ್ಲಿ ಮತ್ತೆ ಓಟ್ಸ್ ಗಂಜಿ. ಎಡಗೈ ಚಮಚ ಹಿಡಿಯಿತು — ಲಕ್ವ ಹೊಡೆದ ಮೇಲೆ ಇದೇ ಮೊದಲು. ವಿನಿಪೆಗ್‌ನಿಂದ ತಮ್ಮ ರೈನೋನ ಫೋನ್. "ಅಕ್ಕಾ, ಬೇಸ್‌ಮೆಂಟ್ ಖಾಲಿ ಮಾಡ್ಸಿದೀನಿ. ಸುಮ್ನೆ ಬಂದ್ಬಿಡು." ನಾಳೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಪರೀಕ್ಷೆ. ಒಬ್ಬಳೇ ಇರಬಲ್ಲೆನೇ ಎಂದು ನೋಡಲು ಟೀ, ಟೋಸ್ಟ್ ಮಾಡಿಸುತ್ತಾರಂತೆ. ಪಾಸಾದರೆ ಥಂಡರ್ ಬೇಯ ನನ್ನ ಮನೆ. ಇಲ್ಲದಿದ್ದರೆ ಅವನ ಬೇಸ್‌ಮೆಂಟು. ಹಿಮದಲ್ಲಿ ಶಾಲಾ ಬಸ್ ಓಡಿಸಿದವಳಿಗೆ ಟೋಸ್ಟ್ ಪರೀಕ್ಷೆ!

ಮಾರ್ಚ್ 5

ಫೇಲ್.

ಬ್ರೆಡ್ ಒಂದು ಬದಿ ಇದ್ದಿಲು, ಇನ್ನೊಂದು ಬದಿ ಹಸಿ. ಟೀಗೆ ನೀರು ಕಾಯಿಸಿ ಒಲೆ ಆರಿಸುವುದನ್ನೂ ಮರೆತೆ. ಥೆರಪಿಸ್ಟ್ ಓಡೆಟ್ ಎರಡನ್ನೂ ಬರೆದುಕೊಂಡಳು.

"ಒಲೆ ನನ್ ತಪ್ಪು, ಒಪ್ಕೊಂಡೆ. ಟೋಸ್ಟ್ ಸುಟ್ಟಿದ್ದು ನಿಮ್ ಮಷೀನು."

"ಎಲ್ರೂ ಹಾಗೇ ಅಂತಾರೆ, ಐಲಿ ಅವ್ರೇ."

"ಎಲ್ರೂ ಹಾಗೇ ಅಂತಿದ್ರೆ ಒಂದ್ಸಲನಾದ್ರೂ ಕೇಳಿಸ್ಕೊಳ್ಳಿ. ನೀವೇ ಮಾಡಿ ತೋರ್ಸಿ."

ನಕ್ಕಳು. ಹೋದಳು.

ಮಾರ್ಚ್ 6

ತಿಂಡಿ ಮುಟ್ಟಲಿಲ್ಲ. ಅಡುಗೆಮನೆ ಬಾಗಿಲಿಗೆ ಗಾಲಿಕುರ್ಚಿ ಅಡ್ಡ ಇಟ್ಟು ಕೂತೆ. ನರ್ಸು ಬೈದಳು, ಕದಲಲಿಲ್ಲ. ರೈನೋಗೂ ಸುದ್ದಿ ಹೋಗಿ ಫೋನ್ ಮಾಡಿದ.

"ಒಂದು ಬ್ರೆಡ್ಡಿಗೋಸ್ಕರ ಜಗಳಾನಾ ಅಕ್ಕಾ?"

"ಬ್ರೆಡ್ಡಿಗಲ್ವೋ, ಮನೆಗೆ."

ಮಾರ್ಚ್ 9

ಕೊನೆಗೂ ಓಡೆಟ್ ತಾನೇ ಬ್ರೆಡ್ ತಂದಳು. ಹಾಕಿದಳು. ಗೋಡೆ ಕಡೆಯ ಬದಿ ಕಪ್ಪು. ಇನ್ನೊಂದನ್ನು ತಿರುಗಿಸಿ ಹಾಕಿದಳು — ಮತ್ತೆ ಗೋಡೆ ಕಡೆಯೇ ಕಪ್ಪು. ಇಬ್ಬರೂ ಒಳಗೆ ಇಣುಕಿದೆವು. ಒಂದು ಕಡೆ ತಂತಿ ಕೆಂಡದಂತೆ, ಎದುರು ಕಡೆಯದು ಮಬ್ಬು. ಬ್ರೆಡ್ಡೂ ನೆಟ್ಟಗೆ ನಿಲ್ಲದೆ ಕೆಂಡದ ಕಡೆಗೇ ವಾಲಿತ್ತು.

ಓಡೆಟ್ ಟೋಸ್ಟರಿನ ಪ್ಲಗ್ ಕಿತ್ತಳು. "ಇದ್ರಲ್ಲಿ ಎಷ್ಟು ಜನರನ್ನ ಫೇಲ್ ಮಾಡಿದೀನೋ..."

ಚುಚ್ಚುವ ಮಾತು ನಾಲಿಗೆ ತುದಿಯಲ್ಲಿತ್ತು. ನುಂಗಿದೆ.

"ಮೊದ್ಲು ಇದನ್ನ ಹೊರಗೆ ಹಾಕಿ. ಆಮೇಲೆ ಅವ್ರನ್ನೆಲ್ಲ ವಾಪಸ್ ಕರೀರಿ."

ಮಾರ್ಚ್ 12

ಮರುಪರೀಕ್ಷೆ. ಟೋಸ್ಟರ್ ಹೊಸದು. ಅದೂ ಬ್ರೆಡ್ಡಿನ ಮೇಲಂಚನ್ನು ಬಿಳಿಯಾಗಿಯೇ ಬಿಟ್ಟಿತು — ತಂತಿ ಅಲ್ಲಿಯವರೆಗೆ ಹೋಗಿಲ್ಲ. ಓಡೆಟ್ ನನ್ನ ಮುಖ ನೋಡಿದಳು. "ಈ ಸಲ ನಿಮ್ಮನ್ನ ನಾನೇನೂ ಅನ್ಲಿಲ್ಲ," ಎಂದಳು. ಒಲೆ ಆರಿಸಿದೆ. ಒಲೆಯ ನಾಬ್ ಮುಟ್ಟಿ ನೋಡಿದೆ. ಮತ್ತೊಮ್ಮೆ ಮುಟ್ಟಿದೆ.

ಪಾಸ್.

ಮಾರ್ಚ್ 17, ಮಧ್ಯಾಹ್ನ

ಮನೆ. ನನ್ನ ಕುರ್ಚಿ, ನನ್ನ ಕಿಟಕಿ, ಇನ್ನೂ ಹೆಪ್ಪುಗಟ್ಟಿರುವ ಸರೋವರ. ಕೆಳಗೆ ರೈನೋನ ವ್ಯಾನು. ಪಾಸಾದೆ ಎಂದು ಹೇಳಿದ್ದರೂ ನನ್ನ ಸಾಮಾನು ತುಂಬಲು ಖಾಲಿ ಪೆಟ್ಟಿಗೆಗಳನ್ನು ತಂದಿದ್ದಾನೆ, ಪುಣ್ಯಾತ್ಮ. ಮೆಟ್ಟಿಲು ಹತ್ತುವ ಸದ್ದು. ಬಾಗಿಲು ತೆರೆಯುತ್ತೇನೆ. ಊಟ ಹಾಕುತ್ತೇನೆ, ಮಲಗಲು ಜಾಗ ಕೊಡುತ್ತೇನೆ. ಪೆಟ್ಟಿಗೆ ಮಾತ್ರ ಹೊಸ್ತಿಲು ದಾಟುವಂತಿಲ್ಲ.