ಬೆರಳು ಅಳಿಸದ ಅಂಗಡಿ

ಮಾರ್ಚ್ ೯, ಭಾನುವಾರ
ವರ್ಕ್‌ಶಾಪಿನಿಂದ

ನನ್ನ ದೊಡ್ಡ ಮಗಳಿಗೆ,

ಅಮ್ಮನ ಮುತ್ತುಗಳು. ಅಳಿಯಂದಿರು, ಪುಟ್ಟಿ ಎಲ್ಲ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಇಲ್ಲಿ ನಾನೂ ನಿನ್ನ ತಮ್ಮನೂ ಆರಾಮ. ನೀನು ಕಳಿಸಿದ ಆಲ್ಬಂ ಬಂದು ತಿಂಗಳಾಗುತ್ತಾ ಬಂತು. ಈ ತಾಯಿ ಒಂದು ಸಾಲು ಬರೆಯಲಿಲ್ಲ, ಫೋನಿನಲ್ಲೂ "ಬಂತು, ನೋಡಿದೆ" ಅಂದವಳು ಬೇರೆ ಮಾತು ತೆಗೆದಳು ಅಂತ ನಿನಗೆ ಬೇಸರವಾಗಿರಬೇಕು. ಏನು ಮಾಡಲಿ, ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆಯೇ ಸರಿ ಬಿಡಮ್ಮ, ನಿನ್ನಿಷ್ಟ ಅಂದುಬಿಡುತ್ತೀಯ. ನನಗೆ ಈ ಸಲ ಆ ಸರಿ ಬಿಡಮ್ಮ ಬೇಡ. ಅದಕ್ಕೇ ಕಾಗದ. ಕೂತು ಪೂರ್ತಿ ಓದು. ಓದಿ ಮುಗಿಸುವ ತನಕ ಉಳಿದ ಆಲ್ಬಂಗಳನ್ನು ಆರ್ಡರ್ ಮಾಡಬೇಡ.

ಮೊದಲು ಹೊಗಳಿಬಿಡುತ್ತೇನೆ. ಕಾಗದ ಒಳ್ಳೆಯದು, ಬಣ್ಣ ಒಳ್ಳೆಯದು, ಬೈಂಡಿಂಗಿನ ಹೊಲಿಗೆ ಎಳೆದು ನೋಡಿದೆ, ಗಟ್ಟಿಯಾಗಿದೆ. ಇಷ್ಟು ವರ್ಷ ಸೋಫಾ ಮೆತ್ತೆ ಹೊಲಿದ ಕೈಗೆ ಅಷ್ಟಾದರೂ ಗೊತ್ತಾಗುತ್ತದೆ. ನಿಮ್ಮಪ್ಪನ ಫೋನಿನಲ್ಲಿ ಸಿಕ್ಕಾಪಟ್ಟೆ ತುಂಬಿಕೊಂಡಿದ್ದ ಫೋಟೋಗಳಲ್ಲಿ ಒಳ್ಳೆಯದನ್ನು ಆರಿಸಿ, ವರ್ಷದ ಪ್ರಕಾರ ಜೋಡಿಸಿ, ಆಫೀಸು ಮನೆ ಎರಡೂ ನೋಡಿಕೊಂಡು ನೀನು ಇಷ್ಟು ಮಾಡಿದ್ದೀಯಲ್ಲ, ಬೇರೆ ಯಾರ ಮಗಳು ಮಾಡುತ್ತಾಳೆ ಅಂತ ಪಕ್ಕದ ಬೀಗದಂಗಡಿಯವರ ಮುಂದೆಲ್ಲ ಜಂಬ ಕೊಚ್ಚಿಕೊಂಡೆ.

ಆದರೆ ಕೂಸೇ, ಬೆರಳೆಲ್ಲಿ?

ನಿನಗೆ ಗೊತ್ತಿರುವುದೇ, ಆದರೂ ಮುಂದೆ ಪುಟ್ಟಿ ಓದಿಕೊಳ್ಳಲಿ ಅಂತ ಬರೆಯುತ್ತೇನೆ. ಅವಳ ತಾತ ಮರಗೆಲಸದವರು. ಕುರ್ಚಿ, ಸೋಫಾಗಳ ಚೌಕಟ್ಟು ಅವರದು, ಮೆತ್ತೆ ಬಟ್ಟೆ ನನ್ನದು. ನೀನು ಹೊಟ್ಟೆಯಲ್ಲಿದ್ದಾಗ ಗರಗಸದ ಮಿಷನ್ನು ಅವರ ಬಲಗೈ ತೋರುಬೆರಳಿನ ಗೆಣ್ಣಿಗೆ ತಗುಲಿತು. ಬೆರಳು ಉಳಿಯಿತು, ಮಡಚಲು ಬರಲಿಲ್ಲ. ಅದಕ್ಕೇ ಯಾವಾಗ ಫೋನ್ ಹಿಡಿದು ಫೋಟೋ ತೆಗೆದರೂ ಆ ಬೆರಳು ಕಡ್ಡಿಯ ಹಾಗೆ ನೆಟ್ಟಗೆ ನಿಂತು ಕ್ಯಾಮೆರಾದ ಮುಂದೆ ಬಂದುಬಿಡುತ್ತಿತ್ತು. ಕುರ್ಚಿಯ ಫೋಟೋ ಇರಲಿ, ನಿನ್ನ ಮದುವೆಯ ಫೋಟೋ ಇರಲಿ, ಮೇಲಿನ ಮೂಲೆಯಲ್ಲಿ ಮಸುಕು ಮಸುಕಾಗಿ ಒಂದು ಗುಲಾಬಿ ಬಣ್ಣದ ಗುಡ್ಡ. ಗಿರಾಕಿಗಳಿಗೆ ಕಳಿಸಬೇಕಾದ ಫೋಟೋದಲ್ಲೂ ಅದೇ. ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು.

"ಇರ್ಲಿ ಬಿಡೇ, ನಾನೂ ಇರ್ಲಿ ಫೋಟೋದಲ್ಲಿ" ಅನ್ನುತ್ತಿದ್ದರು.

ಆ ಮನುಷ್ಯನಿಗೆ ತನ್ನ ಫೋಟೋ ತೆಗೆಸಿಕೊಳ್ಳುವುದೆಂದರೆ ಆಗದು. ಯಾರಾದರೂ ಫೋನ್ ಎತ್ತಿದರೆ ಸಾಕು, ಕೊಡಿ ನಾನು ತೆಗೀತೀನಿ ಅಂತ ಕಿತ್ತುಕೊಂಡು ಎದುರಿಗೆ ಹೋಗಿ ನಿಂತುಬಿಡುವರು. ಈಗ ಗೋಡೆಗೆ ಹಾಕಲು ಮುಖದ ಫೋಟೋ ಹುಡುಕಿದರೆ ಗುರುತಿನ ಚೀಟಿಯದೊಂದೇ ಸಿಕ್ಕಿದ್ದು. ನಿನ್ನ ತಮ್ಮ ಅದನ್ನೇ ದೊಡ್ಡದು ಮಾಡಿಸಿ ಹಾಕಿದ್ದಾನೆ. ಪೊಲೀಸರು ಹುಡುಕುತ್ತಿರುವವರ ಹಾಗೆ ಕಾಣುತ್ತಾರೆ ಪಾಪ. ನನ್ನ ಜೊತೆ ಸಂಸಾರ ಮಾಡಿದವರು ಅವರಲ್ಲ. ನನ್ನವರು ಇರುವುದು ಆ ಮೂಲೆಗಳಲ್ಲಿ.

ನೀನು ಒಂದೊಂದೇ ಫೋಟೋ ತೆಗೆದು ಕೂತು, ಆ ಬೆರಳನ್ನೆಲ್ಲ ಅಳಿಸಿದ್ದೀಯ. ಪ್ರೀತಿಯಿಂದಲೇ ಮಾಡಿದ್ದು, ನನಗೆ ಗೊತ್ತು. ಬೆರಳಿದ್ದ ಜಾಗದಲ್ಲಿ ಒಂದರಲ್ಲಿ ಗೋಡೆ ಬಂದಿದೆ, ಇನ್ನೊಂದರಲ್ಲಿ ಆಕಾಶ ಬಂದಿದೆ, ಮತ್ತೊಂದರಲ್ಲಂತೂ ನಮ್ಮ ವರ್ಕ್‌ಶಾಪಿನಲ್ಲಿ ಯಾವತ್ತೂ ಇಲ್ಲದ ಕಿಟಕಿಯೊಂದು ಬಂದು ಕೂತಿದೆ. ನಾನು ಆಲ್ಬಂ ಮೊದಲಿಂದ ಕೊನೆಯ ತನಕ ತಿರುವಿದೆ, ಕೊನೆಯಿಂದ ಮೊದಲ ತನಕ ತಿರುವಿದೆ. ಇಡೀ ಸಂಸಾರವಿದೆ, ಯಜಮಾನರೇ ಇಲ್ಲ.

ಬರುವ ತಿಂಗಳು ಅವರು ಹೋಗಿ ವರ್ಷ. ಎಲ್ಲರೂ ಸೇರಿದಾಗ ನಿನ್ನ ಸೋದರತ್ತೆಗೆ, ಚಿಕ್ಕಪ್ಪಂದಿರಿಗೆ, ಮಕ್ಕಳಿಗೆಲ್ಲ ಇದೇ ಆಲ್ಬಂ ಕೊಡಬೇಕೆಂದು ನಿನ್ನ ಆಸೆ. ಇವು ಮನೆಮನೆಗೆ ಹೋದವೆಂದರೆ ಮುಗಿಯಿತು, ಮೊಮ್ಮಕ್ಕಳ ಪಾಲಿಗೆ ಇವೇ ನಿಜವಾದ ಫೋಟೋಗಳು. ಅದಕ್ಕೆ ನಾನು ಒಪ್ಪುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ. ನಿನ್ನ ಅಮ್ಮ ಬಡಪೆಟ್ಟಿಗೆ ಬಗ್ಗುವವಳಲ್ಲ. ಬೆರಳು ಬೆರಳಾಗಿಯೇ ಬರುವ ಹಾಗೆ ಪ್ರಿಂಟ್ ಹಾಕುವವರು ಈ ಊರಲ್ಲಿ ಯಾರಾದರೂ ಇದ್ದೇ ಇರುತ್ತಾರೆ, ಹುಡುಕುತ್ತೇನೆ ಅಂತ ಚಪ್ಪಲಿ ಮೆಟ್ಟಿದೆ.

ತುಂಡು ನೋಡದೆ ಬಟ್ಟೆಯ ಇಡೀ ಥಾನು ಕೊಂಡವಳಲ್ಲ ನಾನು. ಬಟ್ಟೆಗೆ ಮಾಡುವ ಹಾಗೆಯೇ ಇದಕ್ಕೂ ಮಾಡಿದೆ. ಒಂದೇ ಒಂದು ಫೋಟೋ ಆರಿಸಿಕೊಂಡೆ, ನೀನು ಪುಟ್ಟಿಯನ್ನು ಹೊಸ ತೂಗುಕುರ್ಚಿಯಲ್ಲಿ ಕೂರಿಸಿದ್ದೀಯಲ್ಲ, ಅದು. ಅದರಲ್ಲಿ ಬೆರಳು ಚೆನ್ನಾಗಿ, ಉಗುರಿನ ಸಮೇತ ಬಂದಿದೆ. ಎಲ್ಲ ಕಡೆಗೂ ಅದೊಂದನ್ನೇ ಕೊಡುವುದು, ಯಾರು ಹೇಗೆ ಮಾಡಿಕೊಡುತ್ತಾರೆ ನೋಡುವುದು.

ಮೊದಲು ಫೋನಿನಲ್ಲೇ ಆರ್ಡರ್ ಮಾಡುವ ಕಂಪನಿ. ನಿನ್ನ ತಮ್ಮ ಗೊಣಗುತ್ತಲೇ ಕಳಿಸಿಕೊಟ್ಟ. ಮನೆ ಬಾಗಿಲಿಗೇ ಬಂತು, ಚಂದದ ಲಕೋಟೆ. ತೆಗೆದರೆ ಬೆರಳು ಮಾಯ, ಜೊತೆಗೆ ನಿನ್ನ ಕಣ್ಣ ಕೆಳಗಿನ ಕಪ್ಪೂ ಮಾಯ, ಪುಟ್ಟಿಯ ಮೂಗಿನ ಸಿಂಬಳವೂ ಮಾಯ. ಫೋನ್ ಮಾಡಿ ಕೇಳಿದರೆ ಒಬ್ಬಳು ಸಕ್ಕರೆಯಂಥ ದನಿಯಲ್ಲಿ, ಅದು ತಾನಾಗಿಯೇ ಸರಿಹೋಗುತ್ತೆ ಮೇಡಂ, ಅದಕ್ಕೆ ನಾವು ಚಾರ್ಜ್ ಮಾಡೋದಿಲ್ಲ ಅಂದಳು. ಸರಿಹೋಗೋದು ಬೇಡ ತಾಯಿ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಆಮೇಲೆ ದೊಡ್ಡ ರಸ್ತೆಯ ಸ್ಟುಡಿಯೋ, ಗಾಜಿನ ಬಾಗಿಲು, ಒಳಗೆ ಹೋದರೆ ಚಳಿ. ಕೌಂಟರಿನಲ್ಲಿದ್ದಾತ ಫೋಟೋ ನೋಡಿ ಮುಖ ಹಿಂಡಿದ. ಇದನ್ನು ಹೀಗೇ ಹಾಕಿಕೊಟ್ಟರೆ ನಮ್ಮ ಹೆಸರು ಕೆಡುತ್ತದೆ, ಯಾರೋ ನೋಡಿ ನಮ್ಮದೇ ತಪ್ಪು ಅಂದುಕೊಳ್ಳುತ್ತಾರೆ ಅಂದ. ಹಿಂದೆ ನಿಮ್ಮ ಹೆಸರಿನ ಸೀಲು ಹಾಕಬೇಡಪ್ಪ ಅಂದೆ. ಸೀಲು ಹಾಕದೆ ನಾವು ಕೊಡೋದೇ ಇಲ್ಲ ಅಂದ. ಮೂಗಿಗಿಂತ ಮೂಗುತಿ ಭಾರ ಅಂದುಕೊಂಡು ಎದ್ದು ಬಂದೆ.

ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯವನು ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೊಡಿ ಅಂದ, ಒತ್ತಿದ, ಬಂತು. ಬೆರಳಿತ್ತು, ನಿಜ. ಆದರೆ ಹಸಿರು ಬಣ್ಣದ್ದು. ನೀನೂ ಹಸಿರು, ಪುಟ್ಟಿಯೂ ಹಸಿರು. ನಿನ್ನ ತಮ್ಮ ಅದನ್ನು ನೋಡಿ ಬಿದ್ದು ಬಿದ್ದು ನಕ್ಕ. ಜನ ದುಡ್ಡು ಕೊಟ್ಟು ಬೆರಳು ತೆಗೆಸ್ತಾರೆ, ನೀನು ದುಡ್ಡು ಕೊಟ್ಟು ಹಾಕಿಸ್ತೀಯಲ್ಲಮ್ಮ ಅಂದ. ನಾನು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಮಿಲ್ ರಸ್ತೆಯಲ್ಲಿ ಒಬ್ಬ ಹೆಂಗಸು ಫೋಟೋ ಲ್ಯಾಬ್ ಇಟ್ಟಿದ್ದಾರಂತೆ, ನಾಳೆ ಬಿಟ್ಟು ಬರ್ತೀನಿ ಅಂತ ತಾನೇ ಹೇಳಿದ.

ಗಿರಾಕಿಯೊಬ್ಬರು ಸೋಫಾ ನೋಡಲು ಬಂದರು. ಉಳಿದದ್ದು ಆಮೇಲೆ ಬರೆಯುತ್ತೇನೆ.

ಗುರುವಾರ

ಅದೇ ಕಾಗದ ಮುಂದುವರಿಸುತ್ತಿದ್ದೇನೆ.

ಲ್ಯಾಬ್ ಅಂದರೆ ನಮ್ಮ ಅಡುಗೆಮನೆಯಷ್ಟು ಜಾಗ. ಒಂದು ಸ್ಟೂಲು, ಪಾಸ್‌ಪೋರ್ಟ್ ಫೋಟೋ ತೆಗೆಯಲು ಒಂದು ನೀಲಿ ಪರದೆ, ಗೋಡೆಗಾನಿಸಿ ಮಿಷನ್ನು. ಆಕೆಗೆ ಜೋರು ನೆಗಡಿ, ಮಾತಿಗೊಮ್ಮೆ ಸೀನು. ಆಕೆಯೂ ಎಲ್ಲರ ಹಾಗೇ ಶುರುಮಾಡಿದರು. ಇದೇನೋ ಅಡ್ಡ ಬಂದಿದೆ, ತೆಗೆದುಬಿಡ್ಲಾ ಅಂತ ಮೌಸು ಹಿಡಿದೇಬಿಟ್ಟರು. ಊರೆಲ್ಲ ಸುತ್ತಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಆಕೆಯ ಕೈ ಹಿಡಿದುಕೊಂಡೆ.

"ಅದು ಅಡ್ಡ ಬಂದಿರೋದಲ್ಲಮ್ಮ. ಅದು ನನ್ನ ಯಜಮಾನ್ರು."

ಆಕೆ ನನ್ನ ಮುಖ ನೋಡಿದರು, ಫೋಟೋ ನೋಡಿದರು. ಅಯ್ಯೋ ಅನ್ನಲಿಲ್ಲ, ಪಾಪ ಅನ್ನಲಿಲ್ಲ. ಮೂಗು ಒರೆಸಿಕೊಂಡು ಕೆಲಸದ ಮಾತಿಗೇ ಬಂದರು. ಫೋನಿನ ಫೋಟೋಗಿಂತ ಪ್ರಿಂಟಿನ ಕಾಗದ ಅಡ್ಡಕ್ಕೆ ಉದ್ದವಂತೆ, ಕಾಗದ ತುಂಬಾ ಬರಲಿ ಅಂದರೆ ಮೇಲೆ ಕೆಳಗೆ ಕತ್ತರಿಸಿ ಹೋಗುತ್ತದಂತೆ. ನಿಮ್ಮೋರು ಇರೋದೇ ಮೇಲೆ, ಅವರೇ ಹೋಗಿಬಿಡ್ತಾರೆ, ಪಕ್ಕದಲ್ಲಿ ಬಿಳಿ ಅಂಚು ಬಂದರೆ ಪರವಾಗಿಲ್ವಾ ಅಂತ ಕೇಳಿದರು. ಎಷ್ಟು ಅಗಲವಾದರೂ ಬರಲಿ ಅಂದೆ. ಮಿನುಗುವ ಕಾಗದ ಬೇಕೋ ಮಿನುಗದ್ದು ಬೇಕೋ ಅಂದರು. ಎರಡನ್ನೂ ಬೆರಳಿನಿಂದ ಸವರಿ ನೋಡಿದೆ. ಮಿನುಗುವುದರ ಮೇಲೆ ವರ್ಕ್‌ಶಾಪಿನ ಟ್ಯೂಬ್‌ಲೈಟ್ ಬಿದ್ದರೆ ಏನೂ ಕಾಣುವುದಿಲ್ಲ, ಮಿನುಗದ್ದೇ ಇರಲಿ ಅಂದೆ. ತಾನಾಗಿ ತಿದ್ದುವ ಅದೇನನ್ನೋ ಆಫ್ ಮಾಡಿ, ಆಫ್ ಮಾಡಿದ್ದನ್ನು ನನಗೂ ತೋರಿಸಿ, ಒಂದು ಪ್ರಿಂಟ್ ತೆಗೆದರು.

ಬಂತು ಕೂಸೇ. ನೀನಿದ್ದೀಯ, ಪುಟ್ಟಿ ಇದ್ದಾಳೆ, ಸಿಂಬಳವಿದೆ, ಮೂಲೆಯಲ್ಲಿ ಅವರಿದ್ದಾರೆ. ಅಂಗಡಿಯಲ್ಲೇ ಅತ್ತುಬಿಟ್ಟೆ. ಆಕೆ ತಮ್ಮ ನೆಗಡಿಗೆ ಇಟ್ಟುಕೊಂಡಿದ್ದ ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

ಆಲ್ಬಂಗೆ ನೀನು ಆರಿಸಿದ್ದ ಫೋಟೋಗಳ ಮೂಲವನ್ನೆಲ್ಲ ಅಪ್ಪನ ಫೋನಿನಿಂದಲೇ ಆಕೆಗೆ ಕೊಟ್ಟು ಬಂದೆ. ಇವತ್ತು ಪ್ರಿಂಟುಗಳು ಕೈಗೆ ಬಂದಿವೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ ನನಗೆ ಒಂದೊಂದು ಬೆರಳೂ ಮುದ್ದಾಗಿ ಕಾಣುತ್ತಿದೆ. ಆರೇಳು ಫೋಟೋ ಇದರ ಜೊತೆ ಇಟ್ಟಿದ್ದೇನೆ, ನೋಡು. ನಿನ್ನ ಮದುವೆಯದ್ದರಲ್ಲಿ ಬೆರಳು ಸರಿಯಾಗಿ ನಿಮ್ಮ ಅತ್ತೆಯವರ ತಲೆಯ ಮೇಲೆಯೇ ಬಂದಿದೆ, ಅದನ್ನು ಅವರಿಗೆ ತೋರಿಸಬೇಡ.

ಈಗ ನಾನು ಹೇಳುವುದನ್ನು ಕೇಳು. ಇದು ಸಲಹೆಯಲ್ಲ. ನಿನ್ನ ಆಲ್ಬಂ ನನಗೆ ಬೇಕು, ನಿನ್ನ ಜೋಡಣೆಯೇ ಇರಲಿ, ನೀನು ಬರೆದ ಮಾತುಗಳೇ ಇರಲಿ. ಫೋಟೋಗಳು ಮಾತ್ರ ಅಳಿಸದವು ಹಾಕು. ಆ ನೆಗಡಿಯಮ್ಮನೇ ಪುಸ್ತಕವನ್ನೂ ಕಟ್ಟಿಸಿಕೊಡುತ್ತಾರಂತೆ, ಮಾತಾಡಿ ಬಂದಿದ್ದೇನೆ. ನೀನು ಒಪ್ಪಿದರೆ ಒಳ್ಳೆಯದು, ಒಪ್ಪದಿದ್ದರೆ ನಾನೇ ಮಾಡಿಸಿ ಅವತ್ತು ಎಲ್ಲರ ಕೈಗೂ ಇಡುತ್ತೇನೆ. ಇದೇನು ಮೂಲೆಯಲ್ಲಿ ಅಂತ ಮಕ್ಕಳು ಕೇಳಲಿ. ಕೇಳಿದರೆ ತಾನೇ ಹೇಳುವುದು?

ನನ್ನ ಮೇಲೆ ಮುನಿಸಿಕೊಳ್ಳಬೇಡ. ನೀನು ಪಟ್ಟ ಶ್ರಮ ನೀರಿಗೆ ಹಾಕಿದೆ ಅಂತ ಅಂದುಕೊಳ್ಳಬೇಡ. ಬೆನ್ನು ನೋವಿಗೆ ನಾನು ಹೊಲಿದುಕೊಟ್ಟ ದಿಂಬನ್ನು ಆಫೀಸಿನ ಕುರ್ಚಿಗೆ ಕಟ್ಟಿಕೊಂಡು ಕೂರು, ಬೀರುವಿನಲ್ಲಿ ಇಟ್ಟರೆ ಬೆನ್ನಿಗೆ ಗೊತ್ತಾಗುವುದಿಲ್ಲ. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಪುಟ್ಟಿಯ ಎರಡು ಕೆನ್ನೆಗೂ ನನ್ನ ಮುತ್ತು. ನೂರು ಕಾಲ ನಗುನಗುತ್ತಾ ಬಾಳಿ.

ನಿನ್ನ ಹಟಮಾರಿ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ಬರೆಯಲು ಕೈ ಬರಲಿಲ್ಲ. ಆಲ್ಬಮಿನ ಹೊದಿಕೆಗೆ ನೀನು ಹಾಕಿರುವುದು ಆಸ್ಪತ್ರೆಯ ಕಿಟಕಿಯ ಹತ್ತಿರ ನಾನು ನಗುತ್ತಾ ನಿಂತ ಫೋಟೋ. ಅಪ್ಪ ತೆಗೆದಿದ್ದರಲ್ಲೆಲ್ಲ ಇದೇ ಚಂದ, ಇದೊಂದನ್ನು ಏನೂ ತಿದ್ದಬೇಕಾಗಲಿಲ್ಲ ಅಂತ ನೀನೇ ಹೇಳಿದ್ದೆ. ನಿನಗೆ ಗೊತ್ತಿಲ್ಲ, ನೀನಿನ್ನೂ ಇಲ್ಲಿಗೆ ಬರುವ ಬಸ್ಸಿನಲ್ಲಿದ್ದೆ. ಅದು ಅಪ್ಪನ ಕೊನೆಯ ದಿನದ ಬೆಳಿಗ್ಗೆ. ಬಿಸಿಲು ಬಂದಿದೆ, ಅಲ್ಲಿ ನಿಂತ್ಕೋ ಅಂದು ಫೋನ್ ಕೇಳಿದರು. ಕೈಗೆ ಕೊಟ್ಟರೆ ಎತ್ತಲಾಗದೆ ಎದೆಯ ಮೇಲೆ ಬಿತ್ತು. ನರ್ಸಮ್ಮ ಫೋನನ್ನು ತಾವು ಹಿಡಿದುಕೊಂಡು, ಆ ಬೆರಳನ್ನು ತಾವೇ ಎತ್ತಿ ಒತ್ತಿಸಿದರು. ಅದಕ್ಕೇ ಅದರಲ್ಲಿ ಬೆರಳಿಲ್ಲ. "ಬೆರಳು ಬಂತೇನೇ?" ಅಂತ ಅಪ್ಪ ಕೇಳಿದರು. ಬಂತು ಅಂದೆ. ಅವರು ನಕ್ಕರು. ಆ ಫೋಟೋ ಒಂದನ್ನು ನಾನು ಪ್ರಿಂಟಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಹೊದಿಕೆಗೆ ಬೇರೆ ಯಾವುದಾದರೂ ಹಾಕು ಕೂಸೇ, ಅವರಿರುವಂಥದ್ದು.