ಹಬೆಬಿಲಕ್ಕೆ ಕದ್ದ ಪೈಪು

ಎಬುರು ಬೆಟ್ಟ
ಜುಲೈ ೧೯

ಪ್ರೀತಿಯ ನ್ಯಾಕಿಯೊ,

ಹನ್ನೆರಡು ವರ್ಷ ಭೂಗೋಳ ಕಲಿಸಿದ ಮೇಷ್ಟ್ರೂ ಮುಗುರೆಯ ತಂದೆಯೂ ಆದ ಗಕೂರು ಎಂಬ ನಾನು, ಸ್ವಸ್ಥಚಿತ್ತದಿಂದ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಭಾನುವಾರ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾಗ, ಚರ್ಚಿನ ಹಿಂಗೋಡೆಗೆ ಒರಗಿಸಿದ್ದ ಕಬ್ಬಿಣದ ಪೈಪೊಂದನ್ನು ಕದ್ದೆ. ದೇವರು ಕಣ್ಣು ಮುಚ್ಚಿರಲಿಲ್ಲವೆಂದು ನನಗೆ ಗೊತ್ತಿತ್ತು. ಪಕ್ಕದ ಮನೆಯ ವಂಗೂಯಿ ಅಜ್ಜಿಯೂ ಮುಚ್ಚಿರಲಿಲ್ಲವೆಂದು ಬೇಲಿ ದಾಟುವಾಗ ಗೊತ್ತಾಯಿತು.

"ಏನಪ್ಪಾ ಮೇಷ್ಟ್ರೇ, ಯೇಸು ಹೊತ್ತಿದ್ದು ಮರದ್ದು, ನೀನು ಕಬ್ಬಿಣದ್ದೇ ಹೊತ್ಕೊಂಡ್ಯಲ್ಲ?" ಅಂದಳು. ನೀರಿಗಾಗಿ ಅಂದೆ. "ಹೆಂಡ್ತಿ ಹೋದ್ಮೇಲೆ ಬುದ್ಧಿ ಬಂತೋ, ಇದ್ದದ್ದೂ ಹೋಯ್ತೋ," ಎಂದು ಗೊಣಗಿಕೊಂಡು ಹೋದಳು.

ಬತ್ತಿದ ಟ್ಯಾಂಕಿನಲ್ಲಿ ಮತ್ತೆ ನೀರು ತೊಟ್ಟಿಕ್ಕಿದ ದಿನ ಬರುತ್ತೇನೆ ಎಂದು ಹೇಳಿ, ಏಪ್ರಿಲ್‌ನಲ್ಲಿ ಮಗಳ ಕೈಹಿಡಿದು ನೀನು ಕೆರೆಯ ಕಡೆ ಇಳಿದೆ. ಹೂವಿನ ತೋಟದಲ್ಲಿ ನಿನಗೆ ಕೆಲಸವಿದೆ, ಅಕ್ಕನ ಮನೆಯಿದೆ, ಕೊಳವೆಬಾವಿಯೂ ಇದೆ. ನನ್ನ ನಿದ್ದೆ ಕೆಡಿಸಿರುವುದು ಆ ಕೊಳವೆಬಾವಿಯೇ. ಅದರ ನೀರು ಈ ಬೆಂಕಿಬೆಟ್ಟದ ಬೇರುಗಳನ್ನು ತೊಳೆದು ಬಂದದ್ದು. ಅಂಥ ನೀರು ಕುಡಿದೇ ನಾನು ಬೆಳೆದೆ. ಮದುವೆಯ ಫೋಟೋದಲ್ಲಿ ನಾನು ತುಟಿ ಬಿಗಿದದ್ದು ಗಾಂಭೀರ್ಯಕ್ಕಲ್ಲ, ಕಂದುಹಲ್ಲಿಗೆ. ಇಲ್ಲಿ ನೆಲದ ಬಿಲದಿಂದ ಬಂದು ಪೈಪಿನೊಳಗೆ ತಣಿದು ಟ್ಯಾಂಕಿನ ನೀರಾಗುವ ಹಬೆ ಮಾತ್ರ ಆ ಫ್ಲೋರೈಡ್ ವಿಷವನ್ನು ಕೆಳಗೇ ಬಿಟ್ಟು ಮೇಲೇರುತ್ತದೆ. ಆರು ವರ್ಷದ ಮುಗುರೆಯ ಹೊಸ ಹಲ್ಲುಗಳು ಈಗ ಒಸಡಿನೊಳಗೆ ಗಟ್ಟಿಯಾಗುತ್ತಿವೆ. ಒಳಗೇ ಕಂದಾಗಿ ಹುಟ್ಟಿದರೆ ಯಾವ ಇದ್ದಿಲು ತಿಕ್ಕಿದರೂ ಬೆಳ್ಳಗಾಗವು. ಅವಳು ನಗುವಾಗ ಕೈ ಅಡ್ಡ ಹಿಡಿಯುವುದನ್ನು ನಾನು ನೋಡಲಾರೆ.

ನಮ್ಮ ಹಬೆಬಿಲ ಸತ್ತದ್ದು ನನ್ನ ತಪ್ಪಲ್ಲ. ಜನವರಿಯಲ್ಲಿ ನಾನು ಟ್ಯಾಂಕನ್ನು ಮೂರು ಸಾಲು ಕಲ್ಲಿನ ಮೇಲೆ, ಪೇಟೆಯ ಮನೆಗಳಂತೆ, ಎತ್ತಿ ಕೂರಿಸಿದೆ. ನೀನು ಬಗ್ಗದೆ ನೀರು ಹಿಡಿಯಲೆಂದು. ಅದೇ ತಿಂಗಳು ಮೇಲಿನ ದಿಣ್ಣೆಯಲ್ಲಿ ಕರೆಂಟಿನವರು ನೆಲ ಕೊರೆದು ನಮ್ಮ ಪಾಲಿನ ಹಬೆಯನ್ನು ಹೀರಿಬಿಟ್ಟರು. ವಂಗೂಯಿ ಅಜ್ಜಿಯ ಬಿಲ ಹೇಗೆ ಉಳಿಯಿತೋ ತಿಳಿಯದು. ನಲವತ್ತೆರಡು ಮನೆಯವರ ಸಹಿ ಹಾಕಿಸಿ ಅರ್ಜಿ ಕಳಿಸಿದ್ದೇನೆ.

ಆದರೆ ನಿನ್ನ ಗಂಡ ಕೈಕಟ್ಟಿ ಕೂತವನಲ್ಲ. ಕಪ್ಪು ಗಾಜುಗಲ್ಲಿನ ದಾರಿಯ ಮೇಲ್ಗಡೆ, ಬಿಸಿನೆಲದಲ್ಲಷ್ಟೇ ಬೆಳೆಯುವ ಆ ಸಣ್ಣ ಹುಲ್ಲಿನ ಜಾಡು ಹಿಡಿದು ಹೋದೆ. ಕೆಮ್ಮಣ್ಣು ಅಂಗೈ ಸುಟ್ಟ ಕಡೆ ಅಗೆದೆ. ಸಿಕ್ಕಿತು ಹೊಸ ಬಿಲ. ಸುರಿದ ಮಳೆಯನ್ನೆಲ್ಲ ಜರಡಿಯಂತೆ ಸೋರಿಸಿಬಿಡುವ ಈ ನೊರೆಗಲ್ಲಿನ ಬೆಟ್ಟದಿಂದ, ಈಗ ದಿನಕ್ಕೆ ನಾಲ್ಕು ಕ್ಯಾನು ನೀರು ಇಳಿಸುತ್ತಿದ್ದೇನೆ.

ತಮಾಷೆಯ ಪತ್ರವೆಂದು ಇದನ್ನು ಮಡಿಸಿಡಬೇಡ. ಜೋಳ, ಕಾಳು ಹಾಕಿ ಗಿಥೇರಿ ಬೇಯಿಸಿ ಮೂರು ತಟ್ಟೆಗೆ ಬಡಿಸುತ್ತೇನೆ, ಮೂರನ್ನೂ ನಾನೇ ತಿನ್ನುತ್ತೇನೆ. ಭೂಗೋಳ ಕಲಿಸಿದವನಿಗೆ ಭೂಮಿ ಕೈಕೊಟ್ಟು ಗೋಳಷ್ಟೇ ಉಳಿದಿದೆ. ಆಗಸ್ಟ್ ಕೊನೆಗೆ ಮುಗುರೆಯನ್ನು ಅಲ್ಲಿಯ ಶಾಲೆಗೇ ಸೇರಿಸುತ್ತೀಯೆಂದು ನಿನ್ನ ಅಕ್ಕ ಹೇಳಿ ಕಳಿಸಿದ್ದಾಳೆ. ಅಷ್ಟರೊಳಗೆ ಬಾ. ನನ್ನ ಮೇಲಿನ ಸಿಟ್ಟು ಇಳಿಯದಿದ್ದರೆ ಹಾಗೇ ಇರಲಿ, ನೀರಿಗಾಗಿ ಬಾ. ನನ್ನ ಮುಖ ನೋಡಲಾಗದಿದ್ದರೆ ನಾನು ಶಾಲೆಯ ಕೊಠಡಿಯಲ್ಲಿ ಮಲಗುತ್ತೇನೆ.

ನಿನ್ನವನೇ ಎಂದು ಇನ್ನೂ ನಂಬಿರುವ,
ಗಕೂರು

ತಾ.ಕ.: ಬುಧವಾರದ ಸಂತೆಯಲ್ಲಿ ವಂಗೂಯಿ ಅಜ್ಜಿ ನಿನಗೆ ಸಿಗುತ್ತಾಳಂತೆ. ಅವಳಿಗಿಂತ ಮೊದಲು ನಾನೇ ಹೇಳಿಬಿಡುತ್ತೇನೆ. ಹೊಸ ಬಿಲ ಇಲ್ಲ. ಐದು ಕಡೆ ಅಗೆದೆ; ಸಿಕ್ಕಿದ್ದು ಬಿಸಿ ಕೆಸರು, ಕಾಲಿಗೆ ಬೊಬ್ಬೆ. ನಾನು ಅಂಗಳದಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಅಜ್ಜಿ ಚಹಾದ ಲೋಟ ಹಿಡಿದು ಬಂದಳು. "ನೀರು ಎಲ್ಲಿಗೆ ಹೋಗ್ತದೆ ಅಂತ ನೀರನ್ನೇ ಕೇಳೋದಲ್ವೇನೋ," ಎಂದು, ನಮ್ಮ ಹಳೇ ಪೈಪನ್ನು ಟ್ಯಾಂಕಿನಿಂದ ಬಿಡಿಸಿ ಆ ತುದಿಗೆ ಚಹಾ ಸುರಿದಳು. ಅದು ಸರಸರನೆ ಬಿಲದ ಕಡೆಗೆ ಓಡಿತು. ಆರು ತಿಂಗಳು ಹಬೆ ದಿನವೂ ಬಂದಿದೆ, ಪೈಪಿನೊಳಗೆ ನೀರಾಗಿದೆ, ಇಳಿಜಾರು ಹಿಡಿದು ತವರಿಗೆ ಮರಳಿದೆ. "ಕಲ್ಲು ತೆಗೀರಿ, ನೀರು ಮೇಲಕ್ಕೆ ಹತ್ತಲ್ಲ," ಎಂದು ನೀನು ಜನವರಿಯಲ್ಲೇ ಹೇಳಿದ್ದೆ. ನಾನು ಹಬೆಯ ಒತ್ತಡದ ಪಾಠ ಮಾಡಿದೆ. ಆ ಸೀಮೆಸುಣ್ಣದ ಚಿತ್ರ ಟ್ಯಾಂಕಿನ ಮೇಲೆ ಇನ್ನೂ ಇದೆ.

ಚರ್ಚಿನ ಪೈಪನ್ನು ಹಿಂತಿರುಗಿಸಿದೆ. ಅರ್ಜಿ ವಾಪಸ್ ಪಡೆಯಲು ನಲವತ್ತೆರಡು ಮನೆ ಹತ್ತಿಳಿಯಬೇಕು. ನಾಲ್ಕು ಕ್ಯಾನು ಮಾತ್ರ ನಿಜ, ನಮ್ಮ ಹಳೇ ಬಿಲದ್ದೇ. ಕಲ್ಲು ತೆಗೆದ ಮೇಲೆ ನಲ್ಲಿ ನೆಲಕ್ಕೆ ತಾಗುವಂತಿದೆ. ನೀರು ಹಿಡಿಯಲು ಮಂಡಿಯೂರಬೇಕು. ದಿನಾ ಬೆಳಿಗ್ಗೆ ಊರುತ್ತಿದ್ದೇನೆ.